ಅಣು ವಿದ್ಯುತ್ತು: ನಮ್ಮ ಕರೆಂಟಿನ ಲೆಕ್ಕದಲ್ಲಿ ಅದರ ಜಾಗ ಎಲ್ಲಿ?

2025ರ ಫೆಬ್ರುವರಿ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಒಂದು ದೊಡ್ಡ ಗುರಿ ಹೇಳಿತು. 2047ರ ಹೊತ್ತಿಗೆ ದೇಶದಲ್ಲಿ 100 ಗಿಗಾವ್ಯಾಟ್ ಸಾಮರ್ಥ್ಯದ ಅಣು ವಿದ್ಯುತ್ ಸ್ಥಾವರಗಳು ಇರಬೇಕು ಎಂಬುದು ಆ ಗುರಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ‘ಶಾಂತಿ’ ಎಂಬ ಹೆಸರಿನ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇದುವರೆಗೆ ಸರ್ಕಾರದ ಕೈಯಲ್ಲೇ ಇದ್ದ ಈ ಕೆಲಸಕ್ಕೆ ಖಾಸಗಿ ಕಂಪನಿಗಳೂ ಇಳಿಯಬಹುದು ಎಂದಾಯಿತು. ಇತ್ತ ಉತ್ತರ ಕನ್ನಡದ ಕೈಗಾದಲ್ಲಿ, ಈಗಿರುವ ನಾಲ್ಕು ಘಟಕಗಳ ಪಕ್ಕದಲ್ಲೇ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಬರಲಿವೆ.

ಈ ಸುದ್ದಿಗಳನ್ನು ಓದುವಾಗ ಮೆಗಾವ್ಯಾಟ್, ಬೇಸ್‌ಲೋಡ್, ಭಾರಜಲ, ಹೊಣೆಗಾರಿಕೆ, ಥೋರಿಯಂ ಅಂತ ಪದಗಳು ಸಾಲಾಗಿ ಬರುತ್ತವೆ. ಒಂದೊಂದರ ಹಿಂದೆಯೂ ಒಂದು ಕಥೆಯಿದೆ. ಅದು ಗೊತ್ತಿಲ್ಲದಿದ್ದರೆ ಚರ್ಚೆ ‘ಅಣು ಬೇಕು’, ‘ಅಣು ಬೇಡ’ ಎಂಬ ಎರಡು ಕೂಗಿಗೆ ಬಂದು ನಿಂತುಬಿಡುತ್ತದೆ. ಅದಕ್ಕೇ ಬುಡದಿಂದ ಶುರು ಮಾಡೋಣ.

ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಒಂದು ಸ್ಥಾವರ ಪೂರ್ತಿ ಶಕ್ತಿಯಲ್ಲಿ ಓಡಿದರೆ ಎಷ್ಟು ಕೊಡಬಲ್ಲದು ಎಂಬುದನ್ನು ಮೆಗಾವ್ಯಾಟ್ ಹೇಳುತ್ತದೆ. ಅದು ನಿಜವಾಗಿ ಎಷ್ಟು ಕೊಟ್ಟಿತು ಎಂಬುದನ್ನು ಯೂನಿಟ್ ಹೇಳುತ್ತದೆ. 1,000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಓಡಿದರೆ ಒಂದು ಯೂನಿಟ್. ನಮ್ಮ ಬಿಲ್ಲಿನಲ್ಲಿ ಬರುವುದೂ ಅದೇ ಯೂನಿಟ್. 1,000 ಮೆಗಾವ್ಯಾಟ್ ಸೇರಿದರೆ ಒಂದು ಗಿಗಾವ್ಯಾಟ್.

100 ಮೆಗಾವ್ಯಾಟ್‌ನ ಸ್ಥಾವರ ದಿನದ 24 ಗಂಟೆಯೂ ಪೂರ್ತಿ ಓಡಿದರೆ 24 ಲಕ್ಷ ಯೂನಿಟ್ ಬರುತ್ತದೆ. ಆದರೆ ಯಾವುದೂ ವರ್ಷವಿಡೀ ಹಾಗೆ ಓಡುವುದಿಲ್ಲ. ಸೌರ ಘಟಕಕ್ಕೆ ರಾತ್ರಿ ಕೆಲಸವಿಲ್ಲ, ಮೋಡ ಬಂದರೂ ಇಳಿಯುತ್ತದೆ. ವರ್ಷದ ಸರಾಸರಿ ತೆಗೆದರೆ ಪೂರ್ತಿ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು, ಅಂದರೆ ದಿನಕ್ಕೆ ಐದು ಲಕ್ಷ ಯೂನಿಟ್ ಆಸುಪಾಸು ಸಿಗುತ್ತದೆ. ಇಂಧನದ ಕೊರತೆ ಇಲ್ಲದ ಅಣು ಸ್ಥಾವರ ಸಾಮಾನ್ಯವಾಗಿ ಶೇ 80ಕ್ಕಿಂತ ಜಾಸ್ತಿ ಓಡುತ್ತದೆ. ಅದೇ 100 ಮೆಗಾವ್ಯಾಟ್, ಆದರೆ ಯೂನಿಟ್ ಲೆಕ್ಕದಲ್ಲಿ ಸುಮಾರು ನಾಲ್ಕು ಪಟ್ಟು.

ಈ ವ್ಯತ್ಯಾಸ ತಿಳಿದರೆ ಪತ್ರಿಕೆಯ ಎಷ್ಟೋ ತಲೆಬರಹಗಳು ಬೇರೆ ಥರ ಕಾಣುತ್ತವೆ. ನಮ್ಮ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಈಗ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲಗಳದ್ದು ಎಂದು 2025ರಲ್ಲಿ ಘೋಷಣೆ ಆಯಿತು. ಅದು ನಿಜ, ದೊಡ್ಡ ಸಾಧನೆಯೂ ಹೌದು. ಆದರೆ ದೇಶ ಬಳಸುವ ಯೂನಿಟ್‌ಗಳಲ್ಲಿ ಶೇ 70ಕ್ಕಿಂತ ಜಾಸ್ತಿ ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿತ್ತು. ಅಣು ಸ್ಥಾವರಗಳ ಸಾಮರ್ಥ್ಯ ಸುಮಾರು 8,800 ಮೆಗಾವ್ಯಾಟ್. ಒಟ್ಟು ಸಾಮರ್ಥ್ಯದಲ್ಲಿ ಅದು ಶೇ 2ಕ್ಕಿಂತ ಕಡಿಮೆ, ಯೂನಿಟ್ ಲೆಕ್ಕದಲ್ಲಿ ಸುಮಾರು ಶೇ 3.

ನೀತಿ ಅಂದರೆ ಗಂಟೆ ಗಂಟೆಯ ಲೆಕ್ಕ

ಕರೆಂಟಿಗೆ ಒಂದು ವಿಚಿತ್ರ ಗುಣವಿದೆ. ಬಳಸುವ ಕ್ಷಣದಲ್ಲೇ ಅದನ್ನು ಹುಟ್ಟಿಸಬೇಕು. ಇಡೀ ದೇಶದ ತಂತಿಜಾಲ, ಅಂದರೆ ಗ್ರಿಡ್, ಒಂದೇ ಲಯದಲ್ಲಿ ಓಡುತ್ತದೆ. ಸೆಕೆಂಡಿಗೆ 50 ಸುತ್ತು. ಬೇಡಿಕೆ ಏರಿ ಉತ್ಪಾದನೆ ಏರದಿದ್ದರೆ ಈ ಲಯ ತಪ್ಪುತ್ತದೆ. ತೀರಾ ತಪ್ಪಿದರೆ ಗ್ರಿಡ್ ಕುಸಿಯುತ್ತದೆ. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದದ್ದು ಗ್ರಿಡ್ ಹೀಗೆ ಕುಸಿದಾಗಲೇ.

ಬೇಡಿಕೆ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿ ಇಳಿಯುತ್ತದೆ, ಬೆಳಗ್ಗೆ ಏರುತ್ತದೆ. ಬೇಸಿಗೆಯ ಮಧ್ಯಾಹ್ನ, ಸಂಜೆ ಏಳರಿಂದ ಹತ್ತು ಗಂಟೆಯವರೆಗೆ ಮೇಲೆ ಹೋಗುತ್ತದೆ. 2024ರ ಮೇ 30ರಂದು ದೇಶದ ಬೇಡಿಕೆ ಒಮ್ಮೆ 250 ಗಿಗಾವ್ಯಾಟ್ ಮುಟ್ಟಿತು. ಎಷ್ಟೇ ಕಡಿಮೆ ಹೊತ್ತಿನಲ್ಲೂ ಇದ್ದೇ ಇರುವ ಒಂದು ಮಟ್ಟದ ಬೇಡಿಕೆ ಇದೆಯಲ್ಲ, ಅದಕ್ಕೆ ಬೇಸ್‌ಲೋಡ್ ಅನ್ನುತ್ತಾರೆ. ಆಸ್ಪತ್ರೆ, ರೈಲು, ಕಾರ್ಖಾನೆ, ಕುಡಿಯುವ ನೀರಿನ ಪಂಪು, ಫ್ರಿಜ್ಜು, ಇವೆಲ್ಲ ಸೇರಿ ಆಗುವ ತಳಮಟ್ಟ.

ಇಂಧನ ನೀತಿ ಅನ್ನುವುದು ಈ ಏರಿಳಿತಕ್ಕೆ ಯಾವ ಮೂಲವನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ. ಕರೆಂಟು ತಪ್ಪದೆ ಸಿಗಬೇಕು, ಕೈಗೆಟಕುವ ಬೆಲೆಗೆ ಸಿಗಬೇಕು, ಗಾಳಿ ಕೆಡಿಸಬಾರದು, ಬೇರೆ ದೇಶದ ಕೈ ನೋಡುವಂತೆ ಇರಬಾರದು. ಈ ನಾಲ್ಕನ್ನೂ ಒಟ್ಟಿಗೆ ಪೂರೈಸುವ ಮೂಲ ಒಂದೂ ಇಲ್ಲ.

ಕಲ್ಲಿದ್ದಲು ನಮ್ಮ ನೆಲದಲ್ಲೇ ಇದೆ, ಬೇಕೆಂದಾಗ ಉರಿಸಬಹುದು. ಆದರೆ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 2070ಕ್ಕೆ ಈ ಹೊರಸೂಸುವಿಕೆಯ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದು ಭಾರತ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟಿದೆ. ಜಲವಿದ್ಯುತ್ತನ್ನು ನಿಮಿಷಗಳಲ್ಲಿ ಏರಿಸಿ ಇಳಿಸಬಹುದು. ಮಳೆ ಕೈಕೊಟ್ಟರೆ ಅದೂ ಕೈಕೊಡುತ್ತದೆ. 2023ರ ಬರದ ವರ್ಷ, ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕ ಅನುಭವಿಸಿದ ಕರೆಂಟಿನ ಅಭಾವ ನೆನಪಿರಬಹುದು. ಸೌರ ವಿದ್ಯುತ್ ಹಗಲಲ್ಲಿ ಬಹಳ ಅಗ್ಗ. ಬೇಡಿಕೆ ಏರುವ ಸಂಜೆಯ ಹೊತ್ತಿಗೇ ಅದು ಮರೆಯಾಗುತ್ತದೆ. ಹಗಲಿನ ಸೌರಶಕ್ತಿಯನ್ನು ಸಂಜೆಗೆ ಉಳಿಸಲು ಬ್ಯಾಟರಿ ಬೇಕು. ಇಲ್ಲವೇ ಕೆಳಗಿನ ಜಲಾಶಯದ ನೀರನ್ನು ಹಗಲಲ್ಲಿ ಮೇಲಕ್ಕೆ ಪಂಪು ಮಾಡಿ ಸಂಜೆ ಬಿಡುವ ‘ಪಂಪ್ಡ್ ಸ್ಟೋರೇಜ್’ ಬೇಕು. ಶರಾವತಿ ಕಣಿವೆಯಲ್ಲಿ ಹೇಳಿರುವ 2,000 ಮೆಗಾವ್ಯಾಟ್‌ನ ಯೋಜನೆ ಇದೇ ಜಾತಿಯದ್ದು. ಅದು ಸಿಂಗಳೀಕಗಳ ಕಾಡಿನ ನಡುವೆ ಬರುತ್ತದೆ ಎಂಬ ಕಾರಣಕ್ಕೆ ವಿವಾದದಲ್ಲಿದೆ. ಯಾವ ದಾರಿಯೂ ಪುಕ್ಕಟೆ ಅಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಅಣು ಸ್ಥಾವರ ಹಗಲು ರಾತ್ರಿ, ಮಳೆ ಬಿಸಿಲು ನೋಡದೆ ಓಡುತ್ತದೆ. ಹೊಗೆ ಇಲ್ಲ. ಗಣಿಗಾರಿಕೆ, ಕಟ್ಟಡ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ ಇಂಗಾಲದ ಹೊರೆ ಗಾಳಿ ವಿದ್ಯುತ್ತಿನಷ್ಟೇ ಕಡಿಮೆ. ಆದರೆ ನಮ್ಮ ಸ್ಥಾವರಗಳನ್ನು ಬೇಡಿಕೆಗೆ ತಕ್ಕಂತೆ ದಿನಕ್ಕೆ ನಾಲ್ಕು ಸಲ ಏರಿಸಿ ಇಳಿಸುವುದು ರೂಢಿಯಲ್ಲಿಲ್ಲ. ಅವು ತಳಮಟ್ಟದ ಬೇಡಿಕೆಗೆ ಹೊಂದುತ್ತವೆ, ಸಂಜೆಯ ದಿಢೀರ್ ಏರಿಕೆಗೆ ಹೊಂದುವುದಿಲ್ಲ.

ತೀರ್ಮಾನ ಯಾರದ್ದು ಎಂಬುದೂ ತಿಳಿದಿರಬೇಕು. ಸಂವಿಧಾನದಲ್ಲಿ ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರವಿದೆ. ಅಣುಶಕ್ತಿ ಮಾತ್ರ ಕೇಂದ್ರ ಪಟ್ಟಿಯಲ್ಲಿದೆ. ಅಣುಶಕ್ತಿ ಇಲಾಖೆ ನೇರವಾಗಿ ಪ್ರಧಾನಿಯವರ ಕೆಳಗೆ ಬರುತ್ತದೆ. ಹಾಗಿದ್ದರೂ ಜಾಗ, ನೀರು, ಅವಘಡವಾದರೆ ಜನರನ್ನು ಸಾಗಿಸುವ ವ್ಯವಸ್ಥೆ ಎಲ್ಲ ರಾಜ್ಯ ಮತ್ತು ಜಿಲ್ಲಾಡಳಿತದ ಕೈಯಲ್ಲೇ ಆಗಬೇಕು.

ರಿಯಾಕ್ಟರ್ ಒಳಗೆ ನಡೆಯುವುದೇನು?

ರಾಯಚೂರಿನ ಸ್ಥಾವರಕ್ಕೂ ಕೈಗಾಕ್ಕೂ ಅರ್ಧ ಭಾಗ ಒಂದೇ. ನೀರು ಕಾಯಿಸು, ಹಬೆ ಮಾಡು, ಹಬೆಯಿಂದ ಟರ್ಬೈನ್ ತಿರುಗಿಸು. ಶಾಖ ಎಲ್ಲಿಂದ ಬರುತ್ತದೆ ಎಂಬುದರಲ್ಲಷ್ಟೇ ಫರಕು. ಅಲ್ಲಿ ಕಲ್ಲಿದ್ದಲು ಉರಿಯುತ್ತದೆ. ಇಲ್ಲಿ ಯುರೇನಿಯಂ ಅಣುವಿನ ನಡುಭಾಗ, ಅಂದರೆ ಬೀಜಕೇಂದ್ರ, ಒಡೆಯುತ್ತದೆ.

ಆ ಬೀಜಕೇಂದ್ರಕ್ಕೆ ನ್ಯೂಟ್ರಾನ್ ಎಂಬ ಸಣ್ಣ ಕಣ ತಾಗಿದಾಗ ಅದು ಎರಡು ಚೂರಾಗುತ್ತದೆ. ಶಾಖ ಹೊರಬರುತ್ತದೆ. ಜೊತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನ್‌ಗಳೂ ಹೊರಬರುತ್ತವೆ. ಅವು ಪಕ್ಕದ ಬೀಜಕೇಂದ್ರಗಳನ್ನು ಒಡೆಯುತ್ತವೆ. ಇದೇ ಸರಪಳಿ ಕ್ರಿಯೆ. ಒಂದು ಒಡೆತದಿಂದ ಸರಿಯಾಗಿ ಇನ್ನೊಂದೇ ಒಡೆತ ಆಗುವಂತೆ ನೋಡಿಕೊಂಡರೆ ಶಾಖ ಒಂದೇ ಸಮ ಬರುತ್ತದೆ. ಹೆಚ್ಚಿನ ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವ ಕಂಬಿಗಳು ಇದಕ್ಕಾಗಿಯೇ ಇವೆ. ಅವುಗಳನ್ನು ಪೂರ್ತಿ ಒಳಗೆ ಬಿಟ್ಟರೆ ಸರಪಳಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ.

ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಜಾತಿ, ಯುರೇನಿಯಂ-235, ಶೇ 0.7ರಷ್ಟು ಮಾತ್ರ. ಹೆಚ್ಚಿನ ದೇಶಗಳು ಇದನ್ನು ಶೇ 3ರಿಂದ 5ಕ್ಕೆ ಏರಿಸಿ ಬಳಸುತ್ತವೆ. ಇದಕ್ಕೆ ಸಂವರ್ಧನೆ ಅನ್ನುತ್ತಾರೆ. ಬಾಂಬಿಗೆ ಇದೇ ಪ್ರಮಾಣ ಶೇ 90ರ ಹತ್ತಿರ ಬೇಕು. ಹಾಗಾಗಿ ವಿದ್ಯುತ್ ರಿಯಾಕ್ಟರ್ ಬಾಂಬಿನ ಹಾಗೆ ಸಿಡಿಯಲಾರದು. ಅದರ ಅಪಾಯಗಳು ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಭಾರತ ಬೇರೆ ದಾರಿ ಹಿಡಿಯಿತು. ಗಣಿಯ ಯುರೇನಿಯಂ ಅನ್ನು ಸಂವರ್ಧನೆ ಮಾಡದೆ ಹಾಗೆಯೇ ಬಳಸುವ ರಿಯಾಕ್ಟರ್ ಅದು. ಹೀಗೆ ಮಾಡಬೇಕಾದರೆ ನ್ಯೂಟ್ರಾನ್‌ಗಳು ಪೋಲಾಗಬಾರದು. ಮಾಮೂಲಿ ನೀರು ಒಂದಿಷ್ಟು ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಅದಕ್ಕೆ ಬದಲಾಗಿ ಭಾರಜಲ ಬಳಸುತ್ತಾರೆ. ಅದರಲ್ಲಿರುವ ಹೈಡ್ರೋಜನ್ ಅಣು ಮಾಮೂಲಿಗಿಂತ ಎರಡು ಪಟ್ಟು ತೂಕದ್ದು. ಅದು ನ್ಯೂಟ್ರಾನ್‌ಗಳ ವೇಗ ಕಡಿಮೆ ಮಾಡುತ್ತದೆ, ನುಂಗುವುದು ತೀರಾ ಕಡಿಮೆ. ಈ ವಿನ್ಯಾಸ ಮೂಲತಃ ಕೆನಡಾದಿಂದ ಬಂದದ್ದು. 1974ರಲ್ಲಿ ಪೋಖ್ರಾನ್ ಪರೀಕ್ಷೆ ನಡೆದ ಮೇಲೆ ಕೆನಡಾ ಕೈಬಿಟ್ಟಿತು. ಉಳಿದದ್ದನ್ನು ನಮ್ಮ ಎಂಜಿನಿಯರ್‌ಗಳು ಇಲ್ಲೇ ಕಲಿತು ಕಟ್ಟಿದರು. ಮೊದಲು 220 ಮೆಗಾವ್ಯಾಟ್, ಆಮೇಲೆ 540, ಈಗ 700.

ಈ ರಿಯಾಕ್ಟರ್‌ಗೆ ಒಂದು ಒಳ್ಳೆಯ ಗುಣವಿದೆ. ಇಂಧನ ಬದಲಿಸಲು ಇದನ್ನು ನಿಲ್ಲಿಸಬೇಕಾಗಿಲ್ಲ, ಓಡುತ್ತಿರುವಾಗಲೇ ಬದಲಿಸಬಹುದು. ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ಜಗತ್ತಿನ ದಾಖಲೆ. ಆಮೇಲೆ ಅದನ್ನು ಮುರಿದದ್ದು ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದು ಘಟಕ. ಅದೂ ಭಾರಜಲದ ಕುಟುಂಬದ್ದೇ.

ಇಂಧನದ ಪ್ರಮಾಣ ನೋಡಿದರೆ ಬೆರಗಾಗುತ್ತದೆ. ಇಂಥ ರಿಯಾಕ್ಟರ್‌ನಲ್ಲಿ ಒಂದು ಕಿಲೋ ಯುರೇನಿಯಂನಿಂದ ಸುಮಾರು 50 ಸಾವಿರ ಯೂನಿಟ್ ಬರುತ್ತದೆ. ಅಷ್ಟನ್ನು ಕಲ್ಲಿದ್ದಲಿನಿಂದ ತೆಗೆಯಲು ಸುಮಾರು 35 ಟನ್ ಬೇಕು.

ನಿಲ್ಲಿಸಿದ ಮೇಲೂ ಉಳಿಯುವ ಶಾಖ

ಸುರಕ್ಷತೆಯ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಹೆಚ್ಚಿನ ಚರ್ಚೆಗಳು ಇದನ್ನು ಮುಟ್ಟುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಯುರೇನಿಯಂ ಒಡೆದಾಗ ಉಳಿಯುವ ಚೂರುಗಳು ಸ್ಥಿರವಲ್ಲ. ಅವು ವಿಕಿರಣ ಸೂಸುತ್ತಾ ಬೇರೆ ರೂಪಕ್ಕೆ ತಿರುಗುತ್ತವೆ. ಆಗಲೂ ಶಾಖ ಹುಟ್ಟುತ್ತದೆ. ಸರಪಳಿ ಕ್ರಿಯೆ ನಿಲ್ಲಿಸಿದರೂ ಈ ಶಾಖ ನಿಲ್ಲುವುದಿಲ್ಲ. ಹಂಡೆ ಒಲೆಯಿಂದ ಸೌದೆ ಎಳೆದುಬಿಟ್ಟರೂ ಕೆಂಡ ಇರುತ್ತದೆ, ನೀರು ಕಾಯುತ್ತಲೇ ಇರುತ್ತದೆ, ಅಲ್ವಾ? ಹಾಗೆಯೇ ಇದು. ಆದರೆ ಕೆಂಡಕ್ಕೆ ನೀರು ಸುರಿದು ಆರಿಸಬಹುದು, ಈ ಶಾಖವನ್ನು ಆರಿಸಲು ಯಾವ ಉಪಾಯವೂ ಇಲ್ಲ. ಅದು ತಾನಾಗಿ ಇಳಿಯುವವರೆಗೆ ತಂಪು ಮಾಡುತ್ತಾ ಕಾಯಬೇಕು.

700 ಮೆಗಾವ್ಯಾಟ್ ಕರೆಂಟು ಕೊಡುವ ರಿಯಾಕ್ಟರ್ ಒಳಗೆ 2,100 ಮೆಗಾವ್ಯಾಟ್‌ಗಿಂತ ಜಾಸ್ತಿ ಶಾಖ ಹುಟ್ಟುತ್ತಿರುತ್ತದೆ. ಅದನ್ನು ನಿಲ್ಲಿಸಿದ ಕ್ಷಣದಲ್ಲಿ ಉಳಿಯುವುದು ಸುಮಾರು ಶೇ 6ರಿಂದ 7. ಅಂದರೆ 150 ಮೆಗಾವ್ಯಾಟ್ ಆಸುಪಾಸು. ಒಂದು ದಿನದ ನಂತರ ಶೇ 1ಕ್ಕಿಂತ ಕೆಳಗೆ ಬರುತ್ತದೆ. ಅದೂ ಸಣ್ಣದಲ್ಲ. ತಂಪು ಮಾಡುವ ನೀರು ನಿಂತರೆ ಇಂಧನವೇ ಕರಗುತ್ತದೆ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. ಭೂಕಂಪವಾದ ಕೂಡಲೇ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ಆದರೆ ಸುಮಾರು ಒಂದು ಗಂಟೆಯ ನಂತರ ಬಂದ ಸುನಾಮಿ ಅಲೆ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು. ಪಂಪುಗಳು ನಿಂತವು. ಮೂರು ರಿಯಾಕ್ಟರ್‌ಗಳಲ್ಲಿ ಇಂಧನ ಕರಗಿತು, ಹೈಡ್ರೋಜನ್ ಸ್ಫೋಟಗಳಾದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. 1986ರ ಏಪ್ರಿಲ್ 26ರ ಚೆರ್ನೋಬಿಲ್ ಕಥೆ ಬೇರೆ. ಅಲ್ಲಿ ಸರಪಳಿ ಕ್ರಿಯೆಯೇ ಹಿಡಿತ ತಪ್ಪಿತು. ವಿನ್ಯಾಸದಲ್ಲೇ ದೋಷವಿತ್ತು, ರಿಯಾಕ್ಟರ್ ಸುತ್ತ ಗಟ್ಟಿ ಕಾಂಕ್ರೀಟ್ ಕವಚವೂ ಇರಲಿಲ್ಲ.

ನಮ್ಮಲ್ಲೂ ಪಾಠ ಕಲಿಸಿದ ಘಟನೆಗಳಿವೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಅಲಗು ಮುರಿದು ಬೆಂಕಿ ಹತ್ತಿತು. ಇಡೀ ಘಟಕ ಹಲವು ಗಂಟೆ ಕರೆಂಟಿಲ್ಲದೆ ಕತ್ತಲಲ್ಲಿ ಉಳಿಯಿತು. ಸಿಬ್ಬಂದಿ ಬೆಂಕಿ ಆರಿಸಲು ಇಟ್ಟಿದ್ದ ಪಂಪುಗಳ ನೀರನ್ನೇ ಹಾಯಿಸಿ ರಿಯಾಕ್ಟರ್ ತಂಪು ಮಾಡಿದರು. ವಿಕಿರಣ ಹೊರಗೆ ಬರಲಿಲ್ಲ. ಆ ರಾತ್ರಿ ಕೆಲಸದಲ್ಲಿದ್ದವರ ಸಮಯಪ್ರಜ್ಞೆಗೆ ಎಷ್ಟು ಕೃತಜ್ಞರಾದರೂ ಸಾಲದು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ಆಗಿನ್ನೂ ಇಂಧನ ತುಂಬಿರಲಿಲ್ಲ. 2009ರಲ್ಲಿ ಅಲ್ಲೇ ಕುಡಿಯುವ ನೀರಿಗೆ ಟ್ರಿಟಿಯಂ ಎಂಬ ವಿಕಿರಣ ಸೂಸುವ ಹೈಡ್ರೋಜನ್ ಸೇರಿ ಹಲವು ಕೆಲಸಗಾರರ ದೇಹಕ್ಕೆ ಹೋಯಿತು. ಯಾರೋ ಒಳಗಿನವರೇ ಬೇಕೆಂದು ಮಾಡಿದ್ದು ಎಂದು ಆಗ ಅಧಿಕಾರಿಗಳು ಹೇಳಿದ್ದರು.

ಹೊಸ ವಿನ್ಯಾಸಗಳು ನೇರವಾಗಿ ಈ ಉಳಿದ ಶಾಖದ ಸಮಸ್ಯೆಗೇ ಕೈಹಾಕುತ್ತವೆ. 700 ಮೆಗಾವ್ಯಾಟ್‌ನ ನಮ್ಮ ರಿಯಾಕ್ಟರ್‌ನಲ್ಲಿ ಪಂಪು, ಕರೆಂಟು ಇಲ್ಲದೆಯೇ ನೀರು ತಾನಾಗಿ ಸುತ್ತಿ ತಂಪು ಮಾಡುವ ವ್ಯವಸ್ಥೆಯಿದೆ. ತಮಿಳುನಾಡಿನ ಕೂಡಂಕುಳಂನಲ್ಲೂ ಇಂಥದ್ದಿದೆ. ಜೊತೆಗೆ, ಒಂದು ವೇಳೆ ಇಂಧನ ಕರಗಿದರೆ ಅದನ್ನು ಕೆಳಗೆ ಹಿಡಿದಿಡುವ ಪಾತ್ರೆಯೂ ಇದೆ.

ಅಪಾಯವನ್ನು ಹೋಲಿಸುವುದು ಸುಲಭವಲ್ಲ. ಪ್ರತಿ ಯೂನಿಟ್‌ಗೆ ಎಷ್ಟು ಸಾವು ಎಂದು ಲೆಕ್ಕ ಹಾಕಿದರೆ ಕಲ್ಲಿದ್ದಲು ತುಂಬಾ ಮೇಲಿದೆ. ಅದರ ಹೊಗೆ ಪ್ರತಿದಿನ, ಸದ್ದಿಲ್ಲದೆ ಕೊಲ್ಲುತ್ತದೆ. ಅಣು ವಿದ್ಯುತ್ ಈ ಲೆಕ್ಕದಲ್ಲಿ ಗಾಳಿ, ಸೌರದ ಹತ್ತಿರ ನಿಲ್ಲುತ್ತದೆ. ಆದರೆ ಅಪರೂಪಕ್ಕೆ ಅವಘಡವಾದರೆ ಒಂದು ಪ್ರದೇಶದ ಜನ ವರ್ಷಗಟ್ಟಲೆ ಊರು ಬಿಡಬೇಕಾಗುತ್ತದೆ. ಊರು, ಗದ್ದೆ, ದೇವಸ್ಥಾನ ಬಿಟ್ಟು ಹೋಗುವ ನೋವು ಯೂನಿಟ್ ಲೆಕ್ಕದಲ್ಲಿ ಕಾಣುವುದಿಲ್ಲ. ಸ್ಥಾವರದ ಪಕ್ಕದಲ್ಲಿ ಬದುಕುವವರ ಹೆದರಿಕೆಯನ್ನು ಸುಮ್ನೆ ತಿಳಿವಳಿಕೆ ಇಲ್ಲದ್ದು ಎಂದು ತಳ್ಳಿಹಾಕುವುದು ಸರಿಯಲ್ಲ.

ಇನ್ನು ವಿಕಿರಣದ ಅಳತೆ. ಅದನ್ನು ಮಿಲಿಸೀವರ್ಟ್‌ನಲ್ಲಿ ಹೇಳುತ್ತಾರೆ. ಮಣ್ಣು, ಆಕಾಶ, ಗಾಳಿ, ಆಹಾರದಿಂದ ಮನುಷ್ಯನಿಗೆ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ಹೇಗೂ ತಾಗುತ್ತದೆ. ಅದರ ಮೇಲೆ ಸ್ಥಾವರದಿಂದ ಜನಸಾಮಾನ್ಯರಿಗೆ ವರ್ಷಕ್ಕೆ 1ಕ್ಕಿಂತ ಹೆಚ್ಚು ತಾಗಬಾರದು ಎಂಬುದು ನಿಯಮ.

ಹಣದ ಲೆಕ್ಕ: ಕಟ್ಟುವಾಗಲೇ ಬೆಳೆಯುವ ಬಡ್ಡಿ

ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಖರ್ಚು ದಿನವೂ ಬರುತ್ತಿರುತ್ತದೆ. ಅಣು ಸ್ಥಾವರದಲ್ಲಿ ಇಂಧನದ ಪಾಲು ಚಿಕ್ಕದು. ಖರ್ಚಿನ ಬಹುಪಾಲು ಮೊದಲ ಯೂನಿಟ್ ಮಾರುವ ಮುಂಚೆಯೇ ಆಗಿಹೋಗಿರುತ್ತದೆ. ಆ ಹಣ ಸಾಲದ್ದು. ವರ್ಷಕ್ಕೆ ಶೇ 8ರ ಬಡ್ಡಿಯಾದರೆ, ಇವತ್ತು ಹಾಕಿದ ಒಂದು ರೂಪಾಯಿ ಒಂಬತ್ತು ವರ್ಷಕ್ಕೆ ಎರಡು ರೂಪಾಯಿ ಆಗಿರುತ್ತದೆ. ಅಷ್ಟು ವರ್ಷ ಸ್ಥಾವರದಿಂದ ಒಂದು ಪೈಸೆಯೂ ಬಂದಿರುವುದಿಲ್ಲ. ಕೆಲಸ ತಡವಾದಷ್ಟೂ ಯೂನಿಟ್ ದರ ಏರುವುದು ಹೀಗೆ. ಅಣು ವಿದ್ಯುತ್ತಿನ ಬೆಲೆ ಅಂದರೆ ಮುಖ್ಯವಾಗಿ ಕಾಲದ ಬೆಲೆ.

ತಡವಾಗುವುದು ಎಲ್ಲೆಡೆ ಇದೆ. ಗುಜರಾತಿನ ಕಾಕ್ರಾಪಾರ್ 3ನೇ ಘಟಕದ ಕೆಲಸ 2010ರಲ್ಲಿ ಶುರುವಾಗಿ, 2023ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. 700 ಮೆಗಾವ್ಯಾಟ್ ವಿನ್ಯಾಸದಲ್ಲಿ ಅದೇ ಮೊದಲನೆಯದು. ಫಿನ್ಲೆಂಡಿನ ಓಲ್ಕಿಲುಓಟೊ 3ನೇ ಘಟಕ 2005ರಲ್ಲಿ ಶುರುವಾಗಿ 2023ಕ್ಕೆ ಮುಗಿಯಿತು. ಫ್ರಾನ್ಸ್‌ನ ಫ್ಲಾಮಾನ್ವಿಲ್ 3ನೇ ಘಟಕ 2007ರಲ್ಲಿ ಶುರುವಾಗಿ 2024ರ ಕೊನೆಗೆ ಗ್ರಿಡ್ ಸೇರಿತು. ಅಮೆರಿಕದ ವೋಗ್ಟಲ್‌ನ ಎರಡು ಹೊಸ ಘಟಕಗಳ ಖರ್ಚು ಮೊದಲ ಅಂದಾಜಿನ ಎರಡು ಪಟ್ಟು ದಾಟಿತು.

ಇನ್ನೊಂದು ಮುಖವೂ ಇದೆ. ಒಮ್ಮೆ ಸಾಲ ತೀರಿದರೆ ಅಣು ಸ್ಥಾವರ ದಶಕಗಟ್ಟಲೆ ಅಗ್ಗದ ಕರೆಂಟು ಕೊಡುತ್ತದೆ. ಮಹಾರಾಷ್ಟ್ರದ ತಾರಾಪುರದ ಮೊದಲ ಎರಡು ಘಟಕಗಳು ಶುರುವಾದದ್ದು 1969ರಲ್ಲಿ. ಅಲ್ಲಿಂದ ದಶಕಗಳ ಕಾಲ ಅವು ದೇಶದ ಅಗ್ಗದ ವಿದ್ಯುತ್ ಮೂಲಗಳ ಸಾಲಿನಲ್ಲಿದ್ದವು.

ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಕಟ್ಟಿದರೆ ಸಮಯ ಉಳಿಯುತ್ತದೆ ಎಂಬುದು ಕೊರಿಯಾ, ಚೀನಾಗಳ ಅನುಭವ. ಅದೇ ಯೋಚನೆಯಿಂದ 2017ರಲ್ಲಿ ಕೇಂದ್ರ ಸಂಪುಟ 700 ಮೆಗಾವ್ಯಾಟ್‌ನ ಹತ್ತು ರಿಯಾಕ್ಟರ್‌ಗಳಿಗೆ ಒಂದೇ ಸಲ ಒಪ್ಪಿಗೆ ಕೊಟ್ಟಿತು. ಕೈಗಾದ 5 ಮತ್ತು 6ನೇ ಘಟಕಗಳು ಆ ಹತ್ತರಲ್ಲಿ ಸೇರಿವೆ. ಪಶ್ಚಿಮ ಘಟ್ಟದ ಕಾಡು, ಕಾಳಿ ನದಿಯ ಮೇಲೆ ಬೀಳುವ ಹೊರೆಯ ಕಾರಣಕ್ಕೆ ಅಲ್ಲಿ ವಿರೋಧವೂ ಇದೆ.

ಯುರೇನಿಯಂ ಕಡಿಮೆ, ಥೋರಿಯಂ ಜಾಸ್ತಿ

ನಮ್ಮ ನೆಲದ ಯುರೇನಿಯಂ ಅಷ್ಟು ಸಮೃದ್ಧವಲ್ಲ. ಜಾರ್ಖಂಡ್‌ನ ಜಾದುಗುಡ, ಆಂಧ್ರದ ತುಮ್ಮಲಪಲ್ಲಿಯಂಥ ಗಣಿಗಳಿವೆ, ಅದಿರು ಬಡವು. 2008ರ ಮುಂಚೆ ಇಂಧನ ಸಾಲದೆ ನಮ್ಮ ಸ್ಥಾವರಗಳು ಸಾಮರ್ಥ್ಯದ ಅರ್ಧದಷ್ಟೇ ಓಡುತ್ತಿದ್ದ ಕಾಲವಿತ್ತು. ಭಾರತ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದಕ್ಕೇ ಹೊರಗಿನಿಂದ ಇಂಧನ ಸಿಗುತ್ತಿರಲಿಲ್ಲ. 2008ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದ ಮತ್ತು ಅಣು ಪೂರೈಕೆ ದೇಶಗಳ ಗುಂಪು ಕೊಟ್ಟ ವಿನಾಯಿತಿಯಿಂದ ಬಾಗಿಲು ತೆರೆಯಿತು. ಆದರೆ ಆಮದು ಯುರೇನಿಯಂ ಅನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿದ ಸ್ಥಾವರಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ಈಗಿನ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಅವು ದೇಶದೊಳಗಿನ ಯುರೇನಿಯಂನಿಂದಲೇ ನಡೆಯಬೇಕು.

ಥೋರಿಯಂ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ. ಕೇರಳ, ತಮಿಳುನಾಡು, ಒಡಿಶಾದ ಕಡಲ ತೀರದ ಮರಳಿನಲ್ಲಿ ಅದು ಸೇರಿಕೊಂಡಿದೆ. ತೊಂದರೆ ಏನೆಂದರೆ ಥೋರಿಯಂ ತಾನಾಗಿ ಸರಪಳಿ ನಡೆಸಲಾರದು. ಮೊದಲು ಅದಕ್ಕೆ ನ್ಯೂಟ್ರಾನ್ ಕೊಟ್ಟು ಯುರೇನಿಯಂ-233 ಆಗಿ ಬದಲಿಸಬೇಕು. ಹೋಮಿ ಭಾಭಾ ಅವರ ಮೂರು ಹಂತದ ಯೋಜನೆ ಹುಟ್ಟಿದ್ದು ಇದರಿಂದಲೇ. ಮೊದಲ ಹಂತದಲ್ಲಿ ಭಾರಜಲ ರಿಯಾಕ್ಟರ್‌ಗಳಲ್ಲಿ ಯುರೇನಿಯಂ ಬಳಸುವುದು. ಆಗ ಯುರೇನಿಯಂನ ಒಂದು ಪಾಲು ಪ್ಲುಟೋನಿಯಂ ಎಂಬ, ಒಡೆಯಬಲ್ಲ ಇನ್ನೊಂದು ಧಾತುವಾಗುತ್ತದೆ; ಬಳಸಿದ ಇಂಧನದಿಂದ ಅದನ್ನು ತೆಗೆದು, ಎರಡನೇ ಹಂತದಲ್ಲಿ ತಾನು ಉರಿಸಿದ್ದಕ್ಕಿಂತ ಜಾಸ್ತಿ ಇಂಧನ ಹುಟ್ಟಿಸುವ ‘ಫಾಸ್ಟ್ ಬ್ರೀಡರ್’ ರಿಯಾಕ್ಟರ್ ನಡೆಸುವುದು. ಕೊನೆಗೆ ಥೋರಿಯಂ.

ಮೊದಲ ಹಂತ ಚೆನ್ನಾಗಿ ಕೈಹಿಡಿದಿದೆ. ಎರಡನೇ ಹಂತದ 500 ಮೆಗಾವ್ಯಾಟ್‌ನ ರಿಯಾಕ್ಟರ್ ಕಟ್ಟುವ ಕೆಲಸ ತಮಿಳುನಾಡಿನ ಕಲ್ಪಾಕ್ಕಂನಲ್ಲಿ 2004ರಲ್ಲಿ ಶುರುವಾಯಿತು. ಅದರ ಒಡಲು ತುಂಬುವ ಕೆಲಸ ಶುರುವಾಗುವ ಹೊತ್ತಿಗೆ 2024 ಬಂದಿತ್ತು. ಮೂರನೇ ಹಂತ ಇನ್ನೂ ದೂರದಲ್ಲಿದೆ. ಥೋರಿಯಂನಿಂದ ನಾಳೆಯೇ ಕರೆಂಟು ಎಂಬ ಮಾತು ಕೇಳಿದರೆ ಈ ವರ್ಷಗಳನ್ನು ನೆನಪಿಟ್ಟುಕೊಳ್ಳಿ.

ಬಳಸಿದ ಇಂಧನ ಏನಾಗುತ್ತದೆ?

ರಿಯಾಕ್ಟರ್‌ನಿಂದ ತೆಗೆದ ಇಂಧನವನ್ನು ಕೆಲವು ವರ್ಷ ಆಳವಾದ ನೀರಿನ ಕೊಳದಲ್ಲಿ ಇಡುತ್ತಾರೆ. ನೀರು ಅದನ್ನು ತಂಪು ಮಾಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಎಷ್ಟೋ ದೇಶಗಳು ಆಮೇಲೂ ಅದನ್ನು ಹಾಗೆಯೇ ಇಡುತ್ತವೆ. ಭಾರತ ಅದನ್ನು ಸಂಸ್ಕರಿಸಿ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸುತ್ತದೆ. ಉಳಿದ ತೀವ್ರ ವಿಕಿರಣದ ಭಾಗವನ್ನು ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಇಡುತ್ತಾರೆ.

ಇದರ ಗಾತ್ರ ಸಣ್ಣದು, ಆಯಸ್ಸು ದೊಡ್ಡದು. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಸೀಸಿಯಂ-137ಕ್ಕೆ 30 ವರ್ಷ ಬೇಕು. ಪ್ಲುಟೋನಿಯಂ-239ಕ್ಕೆ 24 ಸಾವಿರ ವರ್ಷ. ಇಂಥದ್ದನ್ನು ಶಾಶ್ವತವಾಗಿ ಹೂಳಲು ಫಿನ್ಲೆಂಡ್ ನಾನೂರು ಮೀಟರ್‌ಗೂ ಆಳದ ಬಂಡೆಯಲ್ಲಿ ಒಂದು ಜಾಗ ಕಟ್ಟಿದೆ. ಭಾರತದಲ್ಲಿ ಅಂಥ ಶಾಶ್ವತ ಜಾಗ ಇನ್ನೂ ಇಲ್ಲ. ಸಂಸ್ಕರಣೆಯಿಂದ ತ್ಯಾಜ್ಯ ಕಡಿಮೆಯಾಗುವುದರಿಂದ ಸದ್ಯಕ್ಕೆ ಅದರ ಅಗತ್ಯವಿಲ್ಲ ಎಂಬುದು ಅಣುಶಕ್ತಿ ಇಲಾಖೆಯ ನಿಲುವು.

ಹೊಸ ಕಾಯ್ದೆಯಲ್ಲಿ ಬದಲಾದದ್ದು

1962ರ ಅಣುಶಕ್ತಿ ಕಾಯ್ದೆಯ ಪ್ರಕಾರ ಸ್ಥಾವರ ನಡೆಸುವ ಹಕ್ಕು ಸರ್ಕಾರ ಮತ್ತು ಅದರ ಕಂಪನಿಗಳಿಗೆ ಮಾತ್ರ ಇತ್ತು. 2010ರಲ್ಲಿ ಇನ್ನೊಂದು ಕಾಯ್ದೆ ಬಂತು. ಅವಘಡವಾದರೆ ಪರಿಹಾರ ಯಾರು ಕೊಡಬೇಕು ಎಂಬುದು ಅದರ ವಿಷಯ. ಸ್ಥಾವರ ನಡೆಸುವವರ ಹೊಣೆ 1,500 ಕೋಟಿ ರೂಪಾಯಿವರೆಗೆ. ಆಮೇಲೆ, ದೋಷದ ಯಂತ್ರ ಕೊಟ್ಟ ಕಂಪನಿಯಿಂದ ಆ ಹಣ ವಾಪಸ್ ಕೇಳುವ ಹಕ್ಕನ್ನೂ ಅದು ಕೊಟ್ಟಿತ್ತು. 1984ರ ಭೋಪಾಲ್ ದುರಂತದಲ್ಲಿ ಜನರಿಗೆ ಸಿಕ್ಕ ಪರಿಹಾರ ಎಷ್ಟು ಕಡಿಮೆ ಎಂಬ ನೆನಪು ಸಂಸತ್ತಿನಲ್ಲಿ ಹಸಿಯಾಗಿತ್ತು. ಆದರೆ ಈ ಹಕ್ಕಿನ ಕಾರಣಕ್ಕೆ ವಿದೇಶಿ ಕಂಪನಿಗಳು ಹಿಂದೆ ಸರಿದವು. ಮಹಾರಾಷ್ಟ್ರದ ಜೈತಾಪುರ, ಆಂಧ್ರದ ಕೊವ್ವಾಡ ಯೋಜನೆಗಳು ವರ್ಷಗಟ್ಟಲೆ ಮುಂದೆ ಹೋಗದಿರಲು ಇದೂ ಒಂದು ಕಾರಣ.

2025ರ ‘ಶಾಂತಿ’ ಕಾಯ್ದೆ ಈ ಎರಡನ್ನೂ ತೆಗೆದು ಒಂದೇ ಕಾಯ್ದೆ ಮಾಡಿತು. ಖಾಸಗಿಯವರು ಪರವಾನಗಿ ಪಡೆದು ಸ್ಥಾವರ ಕಟ್ಟಿ ನಡೆಸಬಹುದು. ಬಳಸಿದ ಇಂಧನದ ಸಂಸ್ಕರಣೆಯಂಥ ಸೂಕ್ಷ್ಮ ಕೆಲಸಗಳು ಕೇಂದ್ರದ ಬಳಿಯೇ ಉಳಿಯುತ್ತವೆ. ಹೊಣೆಯ ಮಿತಿ ರಿಯಾಕ್ಟರ್ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ, ತೀರಾ ದೊಡ್ಡದಕ್ಕೆ 3,000 ಕೋಟಿ ರೂಪಾಯಿ. ಯಂತ್ರ ಕೊಟ್ಟವರ ಮೇಲೆ ಕಾಯ್ದೆಯೇ ಕೊಟ್ಟಿದ್ದ ಹಕ್ಕು ಹೋಯಿತು. ಅದೀಗ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ. ಸುರಕ್ಷತೆ ನೋಡಿಕೊಳ್ಳುವ ಅಣುಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ್ದು. ಅದಕ್ಕೆ ಈಗ ಕಾಯ್ದೆಯ ಬಲ ಸಿಕ್ಕಿತು. ಬಂಡವಾಳ ಬರಲು ಇದು ಬೇಕಿತ್ತು ಎಂದು ಸರ್ಕಾರ ಹೇಳುತ್ತದೆ. ಯಂತ್ರ ಕೊಟ್ಟವರನ್ನು ಹೊಣೆಯಿಂದ ಬಿಟ್ಟದ್ದು ಸರಿಯಲ್ಲ ಎಂದು ವಿರೋಧಿಸಿದವರು ಹೇಳುತ್ತಾರೆ.

ಬೇರೆ ದೇಶಗಳು ಹಿಡಿದ ದಾರಿ

ಜಗತ್ತಿನ ಕರೆಂಟಿನಲ್ಲಿ ಅಣು ಪಾಲು ಸುಮಾರು ಶೇ 9. ಫ್ರಾನ್ಸ್ 1973ರ ತೈಲ ಬಿಕ್ಕಟ್ಟಿನ ನಂತರ ಅಣುವಿನ ಕಡೆ ತಿರುಗಿತು, ಈಗ ಅಲ್ಲಿ ಮೂರನೇ ಎರಡು ಭಾಗ ಅದರಿಂದಲೇ. ಜರ್ಮನಿ 2023ರ ಏಪ್ರಿಲ್ 15ರಂದು ಕೊನೆಯ ಮೂರು ರಿಯಾಕ್ಟರ್‌ಗಳನ್ನೂ ಮುಚ್ಚಿತು. ಜಪಾನ್ ಎಲ್ಲವನ್ನೂ ನಿಲ್ಲಿಸಿ, 2015ರಿಂದ ಒಂದೊಂದಾಗಿ ಮತ್ತೆ ಶುರು ಮಾಡುತ್ತಿದೆ. ಚೀನಾ ಎಲ್ಲರಿಗಿಂತ ಜಾಸ್ತಿ ಕಟ್ಟುತ್ತಿದೆ. ಒಂದೇ ವಿಜ್ಞಾನ, ನಾಲ್ಕು ಬೇರೆ ತೀರ್ಮಾನ. ಪ್ರತಿ ದೇಶವೂ ತನ್ನ ನೆಲ, ಇಂಧನ, ಜನರ ಅನುಭವ ನೋಡಿ ಆರಿಸಿಕೊಂಡಿದೆ.

100 ಗಿಗಾವ್ಯಾಟ್ ಅಂದರೆ ಎಷ್ಟು?

1969ರಿಂದ ಇಲ್ಲಿಯವರೆಗೆ, ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾವು ಕಟ್ಟಿದ್ದು 9 ಗಿಗಾವ್ಯಾಟ್‌ನ ಹತ್ತಿರ. ಇನ್ನು 91 ಗಿಗಾವ್ಯಾಟ್ 2047ರೊಳಗೆ ಬರಬೇಕು. ವರ್ಷಕ್ಕೆ ಸುಮಾರು 4 ಗಿಗಾವ್ಯಾಟ್. ಅಂದರೆ ಪ್ರತಿ ವರ್ಷ 700 ಮೆಗಾವ್ಯಾಟ್‌ನ ಆರು ರಿಯಾಕ್ಟರ್ ಮುಗಿಯಬೇಕು, ಅದೂ ಈಗಿನಿಂದಲೇ. ಒಂದು ರಿಯಾಕ್ಟರ್‌ಗೆ ಹತ್ತು ವರ್ಷ ಹಿಡಿದರೆ, ಯಾವಾಗ ನೋಡಿದರೂ ಅರವತ್ತು ರಿಯಾಕ್ಟರ್‌ಗಳ ಕೆಲಸ ಒಟ್ಟಿಗೆ ನಡೆಯುತ್ತಿರಬೇಕು. ಏಳು ವರ್ಷಕ್ಕೆ ಇಳಿಸಿದರೆ ನಲವತ್ತೆರಡು.

ಇದನ್ನು ಬೇಗ ಮಾಡಲು ‘ಸಣ್ಣ ಮಾಡ್ಯುಲರ್ ರಿಯಾಕ್ಟರ್’ ಎಂಬ ದಾರಿ ಹೇಳುತ್ತಾರೆ. 300 ಮೆಗಾವ್ಯಾಟ್‌ವರೆಗಿನ ಘಟಕದ ಭಾಗಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ, ಸ್ಥಳಕ್ಕೆ ತಂದು ಜೋಡಿಸುವುದು. ಹಳೆಯ ಕಲ್ಲಿದ್ದಲು ಸ್ಥಾವರಗಳ ಜಾಗದಲ್ಲಿ, ಉಕ್ಕಿನ ಕಾರ್ಖಾನೆಗಳ ಪಕ್ಕದಲ್ಲಿ ಇವು ನಿಲ್ಲಬಹುದು ಎಂಬ ಯೋಚನೆಯಿದೆ. ಅಗ್ಗವಾಗಬೇಕಾದರೆ ಒಂದೇ ಥರದವು ಬಹಳಷ್ಟು ತಯಾರಾಗಬೇಕು. ಜಗತ್ತಿನಲ್ಲಿ ಇಂಥವು ಇನ್ನೂ ಬೆರಳೆಣಿಕೆಯಷ್ಟೇ ಓಡುತ್ತಿವೆ. ರಷ್ಯಾದಲ್ಲಿ ಹಡಗಿನ ಮೇಲೆ ನಿಂತಿರುವುದು ಅವುಗಳಲ್ಲಿ ಒಂದು. ನಮ್ಮ ಬಜೆಟ್ ಇದರ ಸಂಶೋಧನೆಗೆ 20,000 ಕೋಟಿ ರೂಪಾಯಿ ತೆಗೆದಿಟ್ಟು, 2033ರೊಳಗೆ ದೇಶೀಯವಾಗಿ ಕನಿಷ್ಠ ಐದು ಓಡಬೇಕು ಎಂದಿದೆ.

ಅದಕ್ಕೂ ಮುಂಚೆ ಇನ್ನೊಂದು ಗುರಿ ಇದೆ. 2031-32ರ ಹೊತ್ತಿಗೆ ದೇಶದ ಅಣು ಸಾಮರ್ಥ್ಯ 22,480 ಮೆಗಾವ್ಯಾಟ್ ಆಗಬೇಕು ಎಂದು ಸರ್ಕಾರ ಸಂಸತ್ತಿಗೆ ಹೇಳಿದೆ. ಕಟ್ಟುತ್ತಿರುವ ಮತ್ತು ಒಪ್ಪಿಗೆ ಸಿಕ್ಕಿರುವ ರಿಯಾಕ್ಟರ್‌ಗಳೇ ಅದರ ಆಧಾರ. ಕೈಗಾದ ಹೊಸ ಎರಡು ಘಟಕಗಳ 1,400 ಮೆಗಾವ್ಯಾಟ್ ಕೂಡ ಆ ಲೆಕ್ಕದಲ್ಲೇ ಇದೆ.